ಎಸೆಯುವ ಹಕ್ಕು

ಏನನ್ನು ತಿನ್ನಬೇಕು, ಏನನ್ನು ತಿನ್ನಬಾರದು ಎಂಬ ವಿಚಾರದಲ್ಲಿ ನಮ್ಮ ಜನ ಮಾಡಿರುವಷ್ಟು ವಾದವನ್ನು ಇನ್ನಾವ ವಿಚಾರದಲ್ಲಿಯೂ ಮಾಡಿರಲಾರರು. ಜಾತಿಗೊಂದು ಪಟ್ಟಿ, ವಾರಕ್ಕೊಂದು ಪಟ್ಟಿ, ತಿಂಗಳಿಗೊಂದು ಪಟ್ಟಿ. ಶನಿವಾರ ಮುಟ್ಟದವರು ಭಾನುವಾರ ಉಣ್ಣುತ್ತಾರೆ. ಶ್ರಾವಣದಲ್ಲಿ ಬಿಟ್ಟವರು ಶ್ರಾವಣ ಕಳೆದ ಮೇಲೆ ಮತ್ತೆ ಹಿಡಿಯುತ್ತಾರೆ. ಇದೆಲ್ಲವೂ ಇರಲಿ. ಆದರೆ ತಿನ್ನಲೆಂದು ಮನೆಗೆ ತಂದದ್ದರಲ್ಲಿ ಏನನ್ನು ಎಸೆಯಬಹುದು, ಎಷ್ಟನ್ನು ಎಸೆಯಬಹುದು, ಹಾಗೆ ಎಸೆಯುವ ಹಕ್ಕು ನಮಗೆ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವವರು ಕಡಮೆ. ತಟ್ಟೆಗೆ ಬಿದ್ದದ್ದರ ಧರ್ಮಸೂಕ್ಷ್ಮವನ್ನು ನಾವು ವಿಚಾರಿಸುತ್ತೇವೆ. ಮೊರದಲ್ಲಿ ಉಳಿದದ್ದರ ಕಡೆಗೆ ಕಣ್ಣು ಹಾಯಿಸುವುದಿಲ್ಲ.

ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ಸೀಗಡಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. ಅದು ಬಹಳ ಸಣ್ಣ ಪ್ರಾಣಿ. ಆದರೆ ಅದನ್ನು ಒಲೆಗೆ ಅಣಿಮಾಡುವಾಗ ನಾವು ಎಸೆಯುವ ಪಾಲು ಬಹಳ ದೊಡ್ಡದು. ತಲೆ, ಚಿಪ್ಪು, ಕಾಲು, ಮೀಸೆ ಎಲ್ಲ ತೆಗೆದರೆ ತೂಕದಲ್ಲಿ ಶೇಕಡ 40ರಿಂದ 50ರಷ್ಟು ಹೋಗಿಬಿಡುತ್ತದೆ. ಒಂದು ಸೇರು ತಂದವನು ಅರ್ಧ ಸೇರಿಗಿಂತ ಸ್ವಲ್ಪ ಹೆಚ್ಚು ಉಣ್ಣುತ್ತಾನೆ, ಮಿಕ್ಕದ್ದನ್ನು ಬೀದಿಗೆ ಕೊಡುತ್ತಾನೆ. ಹಣ ಕೊಟ್ಟು ತಂದ ಬೇರೆ ಯಾವ ಪದಾರ್ಥದಲ್ಲಿ ನಾವು ಇಷ್ಟು ಉದಾರಿಗಳಾಗಿರುತ್ತೇವೆ?

ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯವನು ಸೀಗಡಿಯ ಮಾತೆತ್ತಿದರೆ ಕರಾವಳಿಯವರು ನಕ್ಕಾರು. ಸಮುದ್ರಕ್ಕೂ ಈ ಊರುಗಳಿಗೂ ನಡುವೆ ಪಶ್ಚಿಮಘಟ್ಟವೇ ಅಡ್ಡಲಾಗಿ ನಿಂತಿದೆ. ಕಡೂರಿನದು ತೆಂಗು ರಾಗಿಗಳ ಬಯಲು, ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತರೀಕೆರೆಯದು ಅರ್ಧ ಮಲೆನಾಡು, ಅಡಕೆ ತೋಟದ ನೆರಳು. ಈಚೆಗೆ ತಾನೇ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದ್ದು ಈರುಳ್ಳಿಯ ಹೊಲಗಳು, ಅಮೃತಮಹಲ್ ದನಗಳ ಕಾವಲು. ಆದರೂ ಸೀಗಡಿ ಈ ಸೀಮೆಗೆ ಹೊಸಬನಲ್ಲ. ಅದು ಇಲ್ಲಿಗೆ ಮೂರು ದಾರಿಗಳಿಂದ ಬಂದಿದೆ.

ಮೊದಲನೆಯದು ಕೆರೆಯ ದಾರಿ. ಬಾಬಾಬುಡನ್ ಗಿರಿಯ ಸಾಲಿನಲ್ಲಿ ಹುಟ್ಟಿದ ವೇದಾ ಹೊಳೆ ಸಖರಾಯಪಟ್ಟಣದ ಅಯ್ಯನಕೆರೆಗೆ ಬರುತ್ತದೆ. ಆವತಿ ಹೊಳೆ ಮದಗದಕೆರೆಗೆ ಬರುತ್ತದೆ. ಎರಡೂ ಮುಂದೆ ಕಡೂರಿನ ಬಳಿ ಕೂಡಿ ವೇದಾವತಿಯೆನಿಸಿ ಹಿರಿಯೂರಿನ ಕಡೆ ಹರಿಯುತ್ತವೆ. ಇಂಥ ಕೆರೆಗಳಲ್ಲಿಯೂ ಅವುಗಳ ಕೆಳಗಿನ ಸಣ್ಣ ಕಟ್ಟೆ ಕಾಲುವೆಗಳಲ್ಲಿಯೂ ಸಿಹಿನೀರಿನ ಸಣ್ಣ ಸೀಗಡಿ ಉಂಟು. ನೀರು ಇಳಿದ ಕಾಲದಲ್ಲಿ ಹೆಂಗಸರೂ ಹುಡುಗರೂ ಹಳೆಯ ಸೀರೆಯ ತುಂಡಿನಲ್ಲಿಯೋ ಬುಟ್ಟಿಯಲ್ಲಿಯೋ ಅದನ್ನು ಸೋಸಿ ತರುತ್ತಾರೆ. ಎರಡನೆಯದು ಸಂತೆಯ ದಾರಿ. ಕರಾವಳಿಯ ಮರಳಿನ ಮೇಲೆ ಒಣಗಿದ ಸೀಗಡಿ ಘಟ್ಟ ಹತ್ತಿ ಬಂದು, ಒಣಮೀನಿನ ಜೊತೆಗೆ ಗೋಣಿಯ ಮೇಲೆ ರಾಶಿಯಾಗಿ ಕೂಡುತ್ತದೆ. ಮೂರನೆಯದು ಈಚಿನ ದಾರಿ. 2009ರಿಂದೀಚೆಗೆ ವನ್ನಾಮಿ ಎಂಬ ಹೊರದೇಶದ ತಳಿಯನ್ನು ಆಂಧ್ರದ ಕರಾವಳಿಯ ಕೊಳಗಳಲ್ಲಿ ಬೆಳೆಸತೊಡಗಿದ ಮೇಲೆ, ಮಂಜಿನ ಪೆಟ್ಟಿಗೆಯಲ್ಲಿ ಮಲಗಿದ ಸೀಗಡಿ ಒಳನಾಡಿನ ಪೇಟೆಗಳನ್ನೂ ಮುಟ್ಟಿತು. ಮೂರು ದಾರಿಗಳಲ್ಲಿ ಬಂದ ಸೀಗಡಿಗೂ ಅಡಿಗೆಮನೆಯಲ್ಲಿ ಆಗುವ ಸಂಸ್ಕಾರ ಮಾತ್ರ ಸುಮಾರಾಗಿ ಒಂದೇ: ತಲೆ ಮುರಿಯುವುದು.

ಹಸಿ ಸೀಗಡಿಯನ್ನು ಅಣಿಮಾಡುವ ಕ್ರಮ ಬಲ್ಲವರಿಗೆ ಬಲು ಸುಲಭ. ಎಡಗೈಯಲ್ಲಿ ಮೈಯನ್ನು ಹಿಡಿದು ಬಲಗೈಯಿಂದ ತಲೆಯನ್ನು ತಿರುಚಿ ಎಳೆದರೆ ಅದು ಕಳಚಿಕೊಳ್ಳುತ್ತದೆ. ಹೊಟ್ಟೆಯ ಕಡೆಯಿಂದ ಕಾಲುಗಳ ಸಮೇತ ಚಿಪ್ಪನ್ನು ಬಿಡಿಸಬೇಕು. ಬೆನ್ನನ್ನು ತೆಳ್ಳಗೆ ಸೀಳಿದರೆ ಕರಿಯ ದಾರದಂಥದೊಂದು ಕಾಣುತ್ತದೆ. ಅದು ನರವಲ್ಲ, ಕರುಳು. ಅದನ್ನು ಎಳೆದು ತೆಗೆದು, ಉಪ್ಪು ಅರಿಸಿನ ಹಚ್ಚಿ ತೊಳೆದರೆ ಕೆಲಸ ಮುಗಿಯಿತು. ಆಗ ಪಾತ್ರೆಯಲ್ಲಿ ಸ್ವಲ್ಪ ಮಾಂಸ, ಪಕ್ಕದಲ್ಲಿ ಅದಕ್ಕೆ ಸರಿಸಮನಾದ ರಾಶಿ. ಆ ರಾಶಿಗೆ ನಾವು ಕಸ ಎನ್ನುತ್ತೇವೆ.

ಈ ಕಸ ಎಂಬ ಮಾತನ್ನು ಸ್ವಲ್ಪ ತಡೆದು ನೋಡಬೇಕು. ಯಾವ ಪದಾರ್ಥವೂ ಹುಟ್ಟಿನಿಂದ ಕಸವಲ್ಲ. ಸೀಗಡಿಗೆ ಅದರ ತಲೆ ಕಸವಾಗಿರಲಿಲ್ಲ. ಅದರ ಜೀವನದ ಮುಖ್ಯ ವ್ಯವಹಾರವೆಲ್ಲ ಅಲ್ಲಿಯೇ ನಡೆಯುತ್ತಿತ್ತು. ನಮಗೆ ಬೇಡವಾದ ಕ್ಷಣದಲ್ಲಿ ಅದು ಕಸವಾಯಿತು. ಎಂದರೆ ಕಸವೆಂಬುದು ವಸ್ತುವಿನ ಗುಣವಲ್ಲ. ನಮಗೂ ವಸ್ತುವಿಗೂ ನಡುವಿನ ಒಂದು ಸಂಬಂಧ, ಅಥವಾ ಸಂಬಂಧ ಕಡಿದುಕೊಂಡ ಸ್ಥಿತಿ. ನಮ್ಮ ಹಿಂದಿನ ಅಡಿಗೆಮನೆಯ ಕನ್ನಡ ಇದನ್ನು ಚೆನ್ನಾಗಿ ಅರಿತಿತ್ತು. ಅಕ್ಕಿ ತೊಳೆದ ನೀರು ಅಕ್ಕಚ್ಚು. ಅದೂ ಮಿಕ್ಕ ಗಂಜಿ ತಿಳಿಯೂ ಸೇರಿ ಹಸುವಿನ ಬಾನಿಗೆ ಹೋದರೆ ಕಲಗಚ್ಚು. ಉಂಡ ಪಾತ್ರೆಗೆ ಅಂಟಿದ್ದು ಮುಸುರೆ. ಬಾಯಿ ಮುಟ್ಟಿದ್ದು ಎಂಜಲು. ಎಲ್ಲವನ್ನೂ ಕೊನೆಗೆ ಒಡಲೊಳಗೆ ಹಾಕಿಕೊಳ್ಳುವುದು ತಿಪ್ಪೆ. ಒಂದೊಂದು ಹೆಸರಿಗೂ ಒಂದೊಂದು ವಿಳಾಸವಿತ್ತು: ಇದು ಹಸುವಿಗೆ, ಇದು ನಾಯಿಗೆ, ಇದು ಕೋಳಿಗೆ, ಇದು ಗದ್ದೆಗೆ. ಈಗ ನಾವು ಎಲ್ಲಕ್ಕೂ ವೇಸ್ಟು ಎಂಬ ಒಂದೇ ಮಾತನ್ನು ಇಟ್ಟುಕೊಂಡಿದ್ದೇವೆ. ಮಾತು ಒಂದಾದ ಮೇಲೆ ಚೀಲವೂ ಒಂದಾಯಿತು.

ಹೆಸರಿಗೊಂದು ವಿಳಾಸವಿದ್ದ ಅಡಿಗೆಯ ಕ್ರಮವನ್ನು ನೋಡಬೇಕಾದರೆ ಒಣಸೀಗಡಿಯ ಸಾರು ಮಾಡುವ ಮನೆಗೆ ಹೋಗಬೇಕು. ಒಣಸೀಗಡಿಯನ್ನು ಮೊದಲು ಹೆಂಚಿನ ಮೇಲೆ ಬೆಚ್ಚಗೆ ಹುರಿಯುತ್ತಾರೆ. ಕಾದಾಗ ಮೀಸೆ ಕಾಲುಗಳು ಗರಿಗರಿಯಾಗಿ ತಾವೇ ಮುರಿಯುತ್ತವೆ. ಅದನ್ನು ಮೊರಕ್ಕೆ ಹಾಕಿ ಅಂಗೈಯಿಂದ ಉಜ್ಜಿ ಕೇರಿದರೆ ಮರಳು ಒಂದು ಕಡೆ, ಪುಡಿ ಒಂದು ಕಡೆ, ಮೈ ಒಂದು ಕಡೆ. ಮೈ ಬದನೆಕಾಯಿಯ ಜೊತೆಗೋ ಅವರೆಕಾಳಿನ ಜೊತೆಗೋ ಸಾರಾಗಿ ಮುದ್ದೆಯ ಪಕ್ಕಕ್ಕೆ ಬರುತ್ತದೆ. ತಲೆಯ ಚೂರು, ಪುಡಿಗಳು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಕೊಬ್ಬರಿಗಳೊಡನೆ ಕುಟ್ಟಿಸಿಕೊಂಡು ಚಟ್ನಿಪುಡಿಯಾಗಿ ಡಬ್ಬಿಗೆ ಸೇರುತ್ತವೆ. ಅದಕ್ಕೂ ಒಲ್ಲದ್ದು ಕೋಳಿಗೆ. ಕಡೆಗೆ ಉಳಿಯುವುದು ಮರಳು ಮಾತ್ರ; ಅದು ಎಲ್ಲಿಂದ ಬಂದಿತ್ತೋ ಅಲ್ಲಿಗೆ, ನೆಲಕ್ಕೆ.

ಅಜ್ಜಂಪುರದ ಸಂತೆಯಲ್ಲಿ ಒಮ್ಮೆ ಒಣಸೀಗಡಿ ಮಾರುವ ಹೆಂಗಸನ್ನು, “ಯಾಕಮ್ಮ, ತಲೆ ಮುರಿದು ಮಾರಬಾರದೆ?” ಎಂದು ಕೇಳಿದೆ. “ತಲೆ ಮುರುದ್ರೆ ಏನೈತಣ್ಣ ಅದ್ರಾಗೆ? ಸಾರಿಗೆ ಗಮ ಬರೋದೇ ತಲೆಯಿಂದ. ಬ್ಯಾಡಾಂದ್ರೆ ನೀವೇ ಮುರ್ಕಳಿ, ಎಸೀಬ್ಯಾಡಿ ಮಾತ್ರ, ಕೋಳಿಗಾದ್ರೂ ಹಾಕಿ” ಎಂದಳು. ತಲೆ ಸಮೇತ ತೂಗಿದರೆ ಆಕೆಗೆ ನಾಲ್ಕು ಕಾಸು ಲಾಭವೆಂಬುದು ನಿಜ. ಆದರೆ ಲಾಭದ ಮಾತಿನಲ್ಲಿ ಸತ್ಯ ಇರಬಾರದೆಂಬ ನಿಯಮವೇನೂ ಇಲ್ಲವಷ್ಟೆ. ಪಾಕಶಾಸ್ತ್ರ ಬಲ್ಲವರೆಲ್ಲ ಆಕೆಯ ಪಕ್ಷವೇ. ಕೊಬ್ಬು, ರುಚಿ, ಬಣ್ಣ ಹೆಚ್ಚಾಗಿ ಇರುವುದು ತಲೆ ಚಿಪ್ಪುಗಳಲ್ಲಿ. ಹಸಿ ಸೀಗಡಿಯ ತಲೆಯ ಗರಗಸದಂಥ ಮುಳ್ಳನ್ನೂ ಕಣ್ಣನ್ನೂ ಕತ್ತರಿಸಿ ತೆಗೆದು, ಚೆನ್ನಾಗಿ ತೊಳೆದು, ಈರುಳ್ಳಿ ಬೆಳ್ಳುಳ್ಳಿಗಳೊಡನೆ ಎಣ್ಣೆಯಲ್ಲಿ ಕೆಂಪಗಾಗುವವರೆಗೆ ಬಾಡಿಸಿ, ನೀರು ಹಾಕಿ ಕಾಲು ಗಂಟೆ ಕುದಿಸಿ, ಸೌಟಿನಿಂದ ಜಜ್ಜಿ ಬಟ್ಟೆಯಲ್ಲಿ ಸೋಸಿದರೆ ದೊರೆಯುವ ತಿಳಿ ಸಾರಿನ ಅರ್ಧ ಕೆಲಸವನ್ನು ತಾನೇ ಮಾಡಿ ಮುಗಿಸುತ್ತದೆ. ಫ್ರಾನ್ಸಿನವರು ಬಿಸ್ಕ್ ಎಂದು ಹೆಸರಿಟ್ಟು ದೊಡ್ಡ ಊಟದ ಮನೆಗಳಲ್ಲಿ ಬಡಿಸುವ ಸಾರಿನ ಮೂಲವೂ ಇದೇ ಬಗೆಯ ಚಿಪ್ಪುಗಳ ಕಷಾಯ.

ಇದು ಮಾಂಸ ತಿನ್ನುವವರ ಮಾತಾಯಿತು ಎಂದು ಸಸ್ಯಾಹಾರಿಗಳಾದ ಓದುಗರು ಪುಟ ತಿರುಗಿಸಬೇಕಾದ್ದಿಲ್ಲ. ಹೀರೇಕಾಯಿಯ ತಿರುಳನ್ನು ಪಲ್ಯಕ್ಕೆ ಹಾಕಿ ಸಿಪ್ಪೆಯನ್ನು ಚಟ್ನಿ ಅರೆಯುವ ಗೃಹಿಣಿಯೂ, ಸೊಪ್ಪು ಕಾಳುಗಳನ್ನು ಬಸಿದು ಪಲ್ಯ ಮಾಡಿ, ಬಸಿದ ನೀರಿನಿಂದಲೇ ಬಸ್ಸಾರು ಇಳಿಸುವ ಒಕ್ಕಲುಮನೆಯ ತಾಯಿಯೂ, ಸೀಗಡಿಯ ತಲೆಯನ್ನು ಕುದಿಸುವಾಕೆಯೂ ಒಂದೇ ಗುರುಕುಲದವರು. ಇದೇ ಸೀಮೆಯ ಶರಣ ಸಂಪ್ರದಾಯದ ಮನೆಗಳಲ್ಲಿ ಉಂಡ ತಟ್ಟೆಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯುವ ಹಿರಿಯರಿದ್ದಾರೆ. ಪ್ರಸಾದವೆಂದು ಸ್ವೀಕರಿಸಿದ ಮೇಲೆ ಅದರಲ್ಲಿ ಎಸೆಯತಕ್ಕ ಭಾಗ ಎಂಬುದು ಇರುವುದಿಲ್ಲ. ಪಂಕ್ತಿ ಬೇರೆ, ಪದಾರ್ಥ ಬೇರೆ, ನಿಷ್ಠೆ ಒಂದೇ.

ಇಲ್ಲಿಗೆ ಮೊದಲನೆಯ ಆಕ್ಷೇಪ ಬರುತ್ತದೆ. ಇದು ಧರ್ಮವೂ ಅಲ್ಲ, ಮಣ್ಣೂ ಅಲ್ಲ, ಬರಿಯ ಬಡತನ. ಗತಿಯಿಲ್ಲದವರು ಮಾಡಿದ್ದಕ್ಕೆ ಹೊಟ್ಟೆ ತುಂಬಿದವರು ಗುಣವೆಂದು ಹೆಸರಿಡುತ್ತಿದ್ದಾರೆ, ಎಂದು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹಸಿದವನು ತಲೆಯನ್ನು ಬಿಡದೆ ತಿಂದರೆ ಅದು ಹಸಿವು. ಅದಕ್ಕೆ ಪ್ರಶಸ್ತಿ ಕೊಡುವುದು ಅವಮಾನ. ಎಸೆಯಲು ಶಕ್ತಿಯುಳ್ಳವನು ಎಸೆಯದಿದ್ದಾಗ ಮಾತ್ರ ಗುಣದ ಪ್ರಶ್ನೆ ಏಳುತ್ತದೆ. ಆಗಲೂ ಎಲ್ಲ ಉಳಿತಾಯವೂ ಗುಣವಲ್ಲ. ಜಿಪುಣನೂ ಎಸೆಯುವುದಿಲ್ಲ, ಮಿತವ್ಯಯಿಯೂ ಎಸೆಯುವುದಿಲ್ಲ. ಹೊರಗಿನಿಂದ ನೋಡಿದರೆ ಇಬ್ಬರ ಅಡಿಗೆಮನೆಯೂ ಒಂದೇ. ಆದರೆ ಜಿಪುಣನ ದೃಷ್ಟಿ ತಾನು ಕೊಟ್ಟ ಹಣದ ಮೇಲೆ, ಮಿತವ್ಯಯಿಯ ದೃಷ್ಟಿ ಕೈಯಲ್ಲಿರುವ ವಸ್ತುವಿನ ಮೇಲೆ. ಅಗ್ಗವಾದೊಡನೆ ಮೊದಲನೆಯವನು ಎಸೆಯತೊಡಗುತ್ತಾನೆ. ಎರಡನೆಯವನಿಗೆ ಬೆಲೆ ಇಳಿದದ್ದರಿಂದ ಏನೂ ವ್ಯತ್ಯಾಸವಾಗುವುದಿಲ್ಲ. ಸೀಗಡಿ ಅಗ್ಗವಾದಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದೇ ನಾವು ಇವರಿಬ್ಬರಲ್ಲಿ ಯಾರೆಂಬುದಕ್ಕೆ ಪರೀಕ್ಷೆ.

ಎರಡನೆಯ ಆಕ್ಷೇಪ ಇದಕ್ಕಿಂತ ಆಳವಾದದ್ದು. ಕೊಂದ ಮೇಲೆ ತಲೆಯನ್ನು ತಿಂದರೇನು, ಎಸೆದರೇನು? ಸೀಗಡಿಗೆ ಎರಡೂ ಒಂದೇ ಅಲ್ಲವೆ? ಪೂರ್ತಿಯಾಗಿ ತಿನ್ನಿಸಿಕೊಂಡ ಸೀಗಡಿಗೆ ಸದ್ಗತಿ, ಅರ್ಧ ತಿನ್ನಿಸಿಕೊಂಡದ್ದಕ್ಕೆ ದುರ್ಗತಿ ಎಂದೇನೂ ಇಲ್ಲವಲ್ಲ. ಇದರ ಜೊತೆಗೆ ಲೆಕ್ಕದ ಪ್ರಶ್ನೆಯೂ ಉಂಟು. ಒಂದು ಕುರಿ ಎಷ್ಟೋ ಜನರ ಊಟ. ಸೀಗಡಿಯಾದರೆ ಒಬ್ಬನ ಒಂದು ಹೊತ್ತಿನ ಸಾರಿಗೇ ಒಂದು ಹಿಡಿ, ಅದರಲ್ಲಿ ಹತ್ತಾರು ಪ್ರಾಣಿಗಳು. ಜೈನರ ಸೂತ್ರಕೃತಾಂಗದಲ್ಲಿ ಹಸ್ತಿತಾಪಸರೆಂಬ ಒಂದು ಪಂಗಡದ ಪ್ರಸ್ತಾಪ ಬರುತ್ತದೆ. ಇತರ ಜೀವಿಗಳ ಮೇಲಿನ ದಯೆಯಿಂದ ವರ್ಷಕ್ಕೆ ಒಂದೇ ಒಂದು ಆನೆಯನ್ನು ಕೊಂದು, ಅದರ ಮಾಂಸದಿಂದಲೇ ಕಾಲ ಕಳೆಯುತ್ತೇವೆ ಎಂದು ಅವರ ವಾದ. ಜೈನರ ಉತ್ತರ ಸ್ಪಷ್ಟ: ವರ್ಷಕ್ಕೊಂದೇ ಪ್ರಾಣಿಯನ್ನು ಕೊಂದರೂ ಕೊಂದ ದೋಷದಿಂದ ಬಿಡುಗಡೆಯಿಲ್ಲ. ಲೆಕ್ಕ ಕಡಮೆ ಮಾಡಿಕೊಂಡ ಮಾತ್ರಕ್ಕೆ ಕೊಲೆ ಅಹಿಂಸೆಯಾಗದು.

ಸೀಗಡಿಗೆ ನೋವೇ ಆಗುವುದಿಲ್ಲ ಎಂದು ತಪ್ಪಿಸಿಕೊಳ್ಳುವ ದಾರಿಯೂ ಈಗ ಮೊದಲಿನಷ್ಟು ಸಲೀಸಾಗಿ ಉಳಿದಿಲ್ಲ. 2022ರಲ್ಲಿ ಬ್ರಿಟನ್ ದೇಶ ಮಾಡಿದ ಪ್ರಾಣಿಕಲ್ಯಾಣದ ಕಾನೂನು, ತಜ್ಞರ ವರದಿಯನ್ನು ಆಧರಿಸಿ, ಏಡಿ ಸೀಗಡಿಗಳ ಕುಲವನ್ನೂ ಸುಖದುಃಖಗಳ ಅರಿವುಳ್ಳ ಪ್ರಾಣಿಗಳ ಸಾಲಿಗೆ ಸೇರಿಸಿತು. ನಮ್ಮ ಹಿರಿಯರಿಗೆ ಇದನ್ನು ತಿಳಿಯಲು ಕಾನೂನು ಬೇಕಿರಲಿಲ್ಲ; ಬುಟ್ಟಿಯಲ್ಲಿ ಸೀಗಡಿ ಚಿಮ್ಮುವುದನ್ನು ನೋಡಿದವರೆಲ್ಲ ಅದಕ್ಕೆ ಬದುಕುವ ಆಸೆ ಉಂಟೆಂಬುದನ್ನು ಬಲ್ಲರು.

ಹಾಗಾದರೆ ಪೂರ್ತಿ ಉಪಯೋಗಿಸುವುದರಿಂದ ಪಾಪ ಕಳೆಯುತ್ತದೆಯೆ? ಕಳೆಯುವುದಿಲ್ಲ. ಉಪಯೋಗ ಪ್ರಾಯಶ್ಚಿತ್ತವಲ್ಲ. ಇದನ್ನು ಮೊದಲು ಒಪ್ಪಿಕೊಂಡುಬಿಡುವುದು ಒಳ್ಳೆಯದು. ಆದರೂ ಎಸೆಯುವುದಕ್ಕೂ ಉಪಯೋಗಿಸುವುದಕ್ಕೂ ವ್ಯತ್ಯಾಸವಿದೆ. ಅದು ಸೀಗಡಿಯ ಕಡೆಗಲ್ಲ, ನಮ್ಮ ವಾದದ ಕಡೆಗೆ. ಜೀವಿಯೊಂದನ್ನು ಕೊಂದು ತಿನ್ನುವವನಿಗೆ ಇರುವ ಸಮರ್ಥನೆ ಒಂದೇ: ನನಗೆ ಅಗತ್ಯವಾಗಿತ್ತು ಎಂಬುದು. ಆ ಅಗತ್ಯವನ್ನು ಒಪ್ಪದವರು ಮಾಂಸವನ್ನೇ ಬಿಡುತ್ತಾರೆ. ಅವರ ಮಾರ್ಗ ಬೇರೆ. ಒಪ್ಪುವವನು ಆ ಒಂದು ಮಾತಿನ ಮೇಲೆಯೇ ನಿಂತಿದ್ದಾನೆ. ತಿನ್ನಬಹುದಾಗಿದ್ದ ಅರ್ಧವನ್ನು ಅವನು ಎಸೆದರೆ, ಎಸೆದ ಅರ್ಧ ಅವನ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಅಗತ್ಯವಾಗಿದ್ದರೆ ಇದನ್ನೇಕೆ ಬಿಟ್ಟೆ? ಬಿಡಬಹುದಾಗಿದ್ದರೆ ಅಗತ್ಯವೆಂದೇಕೆ ಹೇಳಿದೆ? ತಿಪ್ಪೆಯ ಮೇಲಿನ ರಾಶಿ ಈ ಪ್ರಶ್ನೆ ಕೇಳುತ್ತಲೇ ಇರುತ್ತದೆ.

ಈ ವಾದವನ್ನು ಒಪ್ಪಿದರೆ ಇನ್ನೊಂದು ಹೆಜ್ಜೆಯನ್ನೂ ಇಡಬೇಕಾಗುತ್ತದೆ. ತಲೆಯ ತಿಳಿಯಿಂದ ಸಾರಿಗೆ ರುಚಿ ಬಂದಿತೆಂದು ಅರ್ಧ ಸೇರು ಹೆಚ್ಚಾಗಿ ತಂದರೆ ನಾವು ಉಳಿಸಿದ್ದು ಏನೂ ಇಲ್ಲ. ತಲೆ ಚಿಪ್ಪುಗಳಿಂದ ಸಾರು ಮೈದುಂಬಿತಾದ್ದರಿಂದ ಒಂದು ಸೇರಿನ ಕಡೆ ಮುಕ್ಕಾಲು ಸೇರು ಸಾಕು ಎನ್ನುವುದಾದರೆ ಮಾತ್ರ ಕೆರೆಯಲ್ಲಿ ಕಾಲು ಸೇರು ಜೀವ ಉಳಿಯಿತು. ಉಪಯೋಗಕ್ಕೆ ನೀತಿಯ ಬೆಲೆ ಬರುವುದು ಅದು ನಮ್ಮ ಬೇಡಿಕೆಯನ್ನು ತಗ್ಗಿಸಿದಾಗ. ನಾಲಗೆಗೆ ಇನ್ನೊಂದು ಚಪಲವನ್ನು ಕಲಿಸಿದಾಗ ಅಲ್ಲ. ಸೀಗಡಿಯ ತಲೆಯನ್ನು ಹುರಿದು ಬಡಿಸುವ ದುಬಾರಿ ಊಟದ ಮನೆಯಲ್ಲಿ ತಲೆ ವ್ಯರ್ಥವಾಗುವುದಿಲ್ಲವೆಂಬುದು ನಿಜ. ಅಲ್ಲಿ ಮಿತವೂ ಇರುವುದಿಲ್ಲ.

ಈ ಮಾತು ಸೀಗಡಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಮದುವೆಯ ಮನೆಯಲ್ಲಿ ಎಲೆ ಎಲೆಯೂ ಅರ್ಧ ಅನ್ನವನ್ನು ಹೊತ್ತು ಹೊರಕ್ಕೆ ಹೋಗುತ್ತದಲ್ಲ, ಆ ಅನ್ನಕ್ಕೆ ಬತ್ತಿದ ಕೊಳವೆಬಾವಿಯ ನೀರು ಹೋಗಿದೆ, ಎತ್ತಿನ ಬೆವರು ಹೋಗಿದೆ, ಗದ್ದೆಯಲ್ಲಿ ಸತ್ತ ಲೆಕ್ಕವಿಲ್ಲದ ಹುಳುಗಳ ಜೀವ ಹೋಗಿದೆ. ಮಳೆ ಕೈಕೊಟ್ಟ ವರ್ಷಗಳನ್ನು ಕಂಡ ಕಡೂರಿನವನಿಗೆ ಅನ್ನದಲ್ಲಿ ನೀರಿದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಕ್ತ ಕಾಣದ ಊಟಕ್ಕೂ ಋಣವುಂಟು.

ಆದರೆ ಏನನ್ನೂ ಎಸೆಯಬೇಡ ಎಂಬ ಉಪದೇಶವನ್ನು ನಾವು ಯಾರಿಗೆ ಮಾಡುತ್ತಿದ್ದೇವೆ ಎಂಬುದನ್ನೂ ನೋಡಿಕೊಳ್ಳಬೇಕು. ಮನೆಯಲ್ಲಿ ಸೀಗಡಿ ಬಿಡಿಸುವ ಕೈ ಯಾವುದು? ಹೆಂಗಸಿನದು. ಮುಳ್ಳು ಚುಚ್ಚಿಸಿಕೊಳ್ಳುವ ಬೆರಳು ಯಾವುದು? ಅವಳದೇ. ಬಿಡಿಸಿದ ಮೈ ಮೊದಲು ಬೀಳುವುದು ಗಂಡಸರ ತಟ್ಟೆಗೆ, ಆಮೇಲೆ ಮಕ್ಕಳ ತಟ್ಟೆಗೆ. ಕೊನೆಯಲ್ಲಿ ಪಾತ್ರೆಯ ತಳದಲ್ಲಿ ಉಳಿದ ತಿಳಿಯೂ ತಲೆಯೂ ಅವಳಿಗೆ. ಮತ್ತೆ ನಾವು, ಆಹಾ, ನಮ್ಮ ಹೆಣ್ಣುಮಕ್ಕಳು ಏನನ್ನೂ ವ್ಯರ್ಥ ಮಾಡುವುದಿಲ್ಲ ಎಂದು ಹೊಗಳುತ್ತೇವೆ! ಒಬ್ಬರೇ ಯಾವಾಗಲೂ ಉಳಿಕೆಯನ್ನು ಉಣ್ಣುವುದಾದರೆ ಅದು ಮಿತವ್ಯಯವಲ್ಲ, ಪಂಕ್ತಿಭೇದ. ಅದಕ್ಕೆ ಗುಣದ ಹೆಸರಿಡುವುದು ಗುಣಕ್ಕೇ ಅವಮಾನ.

ಮನೆಯ ಒಳಗೆ ನಡೆಯುವುದೇ ಲೋಕದಲ್ಲಿಯೂ ನಡೆದಿದೆ. 1953ರಲ್ಲಿ ಕೊಚ್ಚಿಯಿಂದ ಹೆಪ್ಪುಗಟ್ಟಿಸಿದ ಸೀಗಡಿ ಅಮೆರಿಕಕ್ಕೆ ಹಡಗೇರತೊಡಗಿತು. ಅಲ್ಲಿಂದ ಬೆಳೆದ ವ್ಯಾಪಾರ ಇಂದು ಭಾರತವನ್ನು ಸೀಗಡಿ ಕಳಿಸುವ ದೇಶಗಳ ಮುಂಚೂಣಿಯಲ್ಲಿ ನಿಲ್ಲಿಸಿದೆ. ಆ ವ್ಯಾಪಾರದ ಬುಡದಲ್ಲಿ ಸೀಗಡಿ ಬಿಡಿಸುವ ಷೆಡ್ಡುಗಳಿವೆ. ಅಲ್ಲಿ ಹೆಂಗಸರು ಮಂಜಿನ ನೀರಿನಲ್ಲಿ ಬೆರಳು ಮರಗಟ್ಟಿಸಿಕೊಂಡು, ಗಂಟೆಗಟ್ಟಲೆ ನಿಂತೋ ಕುಕ್ಕರಗಾಲಿನಲ್ಲಿ ಕೂತೋ, ಬೋಗುಣಿಯ ಲೆಕ್ಕದಲ್ಲಿ ಕೂಲಿ ಪಡೆಯುತ್ತ ಬಂದಿದ್ದಾರೆ. ಬಿಡಿಸಿದ ಮೈ ಕಡಲಾಚೆ ಹೋಯಿತು; ತಲೆಯೂ ಚಿಪ್ಪೂ ನಾತವೂ ಇಲ್ಲಿ ಉಳಿದುವು. ದೂರದ ಊರಿನಲ್ಲಿ ಸೀಗಡಿ ತಿನ್ನುವಾತನಿಗೆ ಅದಕ್ಕೆ ತಲೆಯಿತ್ತು ಎಂಬುದೇ ತಿಳಿಯದೆ ಹೋಗಬಹುದು. ಎಸೆಯುವ ಶ್ರಮವನ್ನೂ ಇನ್ನೊಬ್ಬರಿಗೆ ಬಿಟ್ಟವನಿಗೆ ತಾನು ಎಸೆದೆನೆಂಬ ಅರಿವೂ ಬಾರದು. ಸ್ವತಃ ತಲೆ ಮುರಿದವನು ಎಸೆದರೂ ತಾನು ಏನು ಎಸೆದನೆಂಬುದನ್ನು ಬಲ್ಲ. ಅವನನ್ನು ತಿದ್ದುವುದು ಸಾಧ್ಯ. ಬಿಡಿಸಿ ತೊಳೆದು ಚೀಲದಲ್ಲಿಟ್ಟದ್ದನ್ನು ಕೊಳ್ಳುವವನು ನಿಷ್ಪಾಪಿಯಂತೆ ಕಾಣುತ್ತಾನೆ; ಅವನ ಪಾಲಿನ ರಾಶಿ ಬೇರೊಬ್ಬರ ಬಾಗಿಲಲ್ಲಿ ಬಿದ್ದಿರುತ್ತದೆ.

ಮೂರನೆಯದಾಗಿ, ಎಲ್ಲವನ್ನೂ ಉಳಿಸಬೇಕು ಎಂಬ ಹಟವೂ ಅವಿವೇಕವೇ. ಸೀಗಡಿಯಲ್ಲಿ ಬೇಗ ಕೆಡುವ ಭಾಗ ತಲೆ. ಅದರೊಳಗಿನ ಜೀರ್ಣರಸಗಳು ಸತ್ತ ಮೇಲೂ ಕೆಲಸ ನಿಲ್ಲಿಸದೆ ಪಕ್ಕದ ಮಾಂಸವನ್ನೇ ಕರಗಿಸತೊಡಗುತ್ತವೆ. ಅದಕ್ಕಾಗಿಯೇ ದೂರ ಕಳಿಸುವವರು ಮೊದಲು ತಲೆ ತೆಗೆಯುವುದು. ಹೊಸದಾದ ತಲೆ ಸಾರಿಗೆ ಸಂಪತ್ತು. ನಾತ ಬಂದ ತಲೆ ಹೊಟ್ಟೆಗೆ ಶತ್ರು. ಕರಿಯ ಕರುಳನ್ನು ಉಳಿತಾಯವೆಂದು ಯಾರೂ ಸಾರಿಗೆ ಹಾಕುವುದಿಲ್ಲ. ಸೀಗಡಿಯೇ ಒಗ್ಗದೆ ಮೈಯೆಲ್ಲ ದದ್ದೇಳುವ ಜನರೂ ಇದ್ದಾರೆ; ಅಂಥವರಿಗೆ ಚಿಪ್ಪಿನ ತಿಳಿಯನ್ನು ಗುಟ್ಟಾಗಿ ಬಡಿಸುವುದು ಮಿತವ್ಯಯವಲ್ಲ, ಅಪರಾಧ. ಎಸೆಯಬೇಕಾದದ್ದು ಯಾವುದೆಂದು ಬಲ್ಲವನೇ ಉಳಿಸಬೇಕಾದದ್ದನ್ನೂ ಬಲ್ಲ. ವಿವೇಕ ಎಂಬ ಮಾತಿನ ಮೂಲಾರ್ಥವೇ ಬೇರ್ಪಡಿಸುವುದು. ಮೊರ ಹಿಡಿದು ಕೇರುವವಳು ಮಾಡುವುದು ಅದನ್ನೇ.

ಹಾಗೆ ಬೇರ್ಪಡಿಸಿದ ಮೇಲೆ ಉಳಿದದ್ದನ್ನು ಎಲ್ಲಿ ಹಾಕುವುದು? ಎಸೆದೆ ಎನ್ನುವಾಗ ನಾವು ನಮ್ಮಿಂದ ದೂರಕ್ಕೆ ಎಂದು ತಿಳಿಯುತ್ತೇವೆ. ದೂರ ಎಂಬ ಊರು ಯಾವ ನಕ್ಷೆಯಲ್ಲಿಯೂ ಇಲ್ಲ. ಅಲ್ಲಿ ಯಾವಾಗಲೂ ಯಾರಾದರೊಬ್ಬರ ಮನೆ ಇರುತ್ತದೆ. ನಮ್ಮ ಊರುಗಳ ಬೀದಿಗಳಲ್ಲಿ ಸೀಗಡಿ ತಿನ್ನುವವರೂ ಅದರ ವಾಸನೆಯನ್ನೇ ಸಹಿಸದವರೂ ಗೋಡೆಗೆ ಗೋಡೆ ಹತ್ತಿ ಬಾಳುತ್ತಾರೆ. ತಿನ್ನುವುದು ನಮ್ಮ ಸ್ವಾತಂತ್ರ್ಯ. ಚಿಪ್ಪನ್ನು ಚರಂಡಿಗೆ ಸುರಿದು ಬೀದಿಯನ್ನೆಲ್ಲ ನಾರಿಸುವುದು ಆ ಸ್ವಾತಂತ್ರ್ಯದೊಳಗೆ ಬರುವುದಿಲ್ಲ. ನೆರೆಯವರ ಅಸಹನೆಯ ಬಗ್ಗೆ ನಾವು ಬಹಳ ಮಾತನಾಡುತ್ತೇವೆ. ಅದರಲ್ಲಿ ಎಷ್ಟು ಪಾಲು ನಮ್ಮ ಊಟದ ಮೇಲಿನದು, ಎಷ್ಟು ಪಾಲು ನಮ್ಮ ಕಸದ ಮೇಲಿನದು ಎಂಬುದನ್ನೂ ಬೇರ್ಪಡಿಸಿ ನೋಡುವುದು ನ್ಯಾಯ. ಆ ಚರಂಡಿಯನ್ನು ಬೆಳಗಾಗುವ ಮೊದಲು ಬಳಿಯುವ ಪೌರಕಾರ್ಮಿಕನ ಮೂಗು ಇಬ್ಬರ ಲೆಕ್ಕದಲ್ಲಿಯೂ ಬರುವುದಿಲ್ಲ ಎಂಬುದು ಬೇರೆ ಮಾತು.

ಹಿಂದೆ ಇದಕ್ಕೆ ತಿಪ್ಪೆ ಉತ್ತರವಾಗಿತ್ತು. ನಮ್ಮ ಕಡೆ ದೀಪಾವಳಿಯಲ್ಲಿ ಗದ್ದೆಗೆ, ತೋಟಕ್ಕೆ, ಬಾವಿಗೆ ದೀಪ ಇಡುವ ಹಾಗೆಯೇ ತಿಪ್ಪೆಗುಂಡಿಗೂ ದೀಪ ಇಡುವ ಪದ್ಧತಿಯುಂಟು. ಎಸೆದದ್ದರ ಮನೆಗೂ ವರ್ಷಕ್ಕೊಮ್ಮೆ ಬೆಳಕು ತೋರಿಸುವ ಈ ಸಂಪ್ರದಾಯದಲ್ಲಿ ದೊಡ್ಡದೊಂದು ತಿಳಿವಳಿಕೆ ಇದೆ: ಇಲ್ಲಿಗೆ ಬಂದದ್ದು ಕೊನೆಗೊಂಡಿಲ್ಲ, ದಾರಿಯಲ್ಲಿದೆ. ಸೀಗಡಿಯ ಚಿಪ್ಪು ತೆಂಗಿನ ಬುಡದಲ್ಲಿ ಮಣ್ಣು ಮುಚ್ಚಿಸಿಕೊಂಡರೆ ಮೆಲ್ಲನೆ ಕರಗಿ ಗೊಬ್ಬರವಾಗುತ್ತದೆ; ಅದರಲ್ಲಿ ಸುಣ್ಣವೂ ಉಂಟು, ಸಾರಜನಕವೂ ಉಂಟು. ಅದನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಎಸೆದರೆ ಮಣ್ಣಿಗೂ ಅದಕ್ಕೂ ಭೇಟಿಯೇ ಆಗುವುದಿಲ್ಲ. ಕೊಳೆಯುವ ವಸ್ತುವಿಗೆ ಕೊಳೆಯದ ಹೊದಿಕೆ! ಹಾಗೆ ಗಂಟು ಕಟ್ಟಿ ಒಳಗಿಟ್ಟದ್ದು ನಾತವನ್ನಲ್ಲ, ಮಣ್ಣಾಗಲು ಹೊರಟಿದ್ದ ಒಂದು ಪಯಣವನ್ನು.

ವಿಜ್ಞಾನಿಗಳು ಈ ರಾಶಿಯಲ್ಲಿ ಇನ್ನೂ ಹೆಚ್ಚಿನದನ್ನು ಕಂಡಿದ್ದಾರೆ. 1811ರಲ್ಲಿ ಬ್ರಾಕೊನೊ ಎಂಬ ಫ್ರೆಂಚ್ ಪಂಡಿತ ಅಣಬೆಗಳಲ್ಲಿ ಗುರುತಿಸಿದ, ಮುಂದೆ ಕೈಟಿನ್ ಎಂದು ಹೆಸರು ಪಡೆದ ನಾರಿನಂಥ ಪದಾರ್ಥವೇ ಸೀಗಡಿ ಏಡಿಗಳ ಚಿಪ್ಪಿನ ಗಟ್ಟಿತನಕ್ಕೂ ಕಾರಣ. 1859ರಲ್ಲಿ ರೂಜೆ ಎಂಬಾತ ಅದನ್ನು ಕ್ಷಾರದಲ್ಲಿ ಕಾಯಿಸಿ ಆಮ್ಲದಲ್ಲಿ ಕರಗುವ ಹೊಸ ರೂಪಕ್ಕೆ ತಂದ, ಅದೇ ಕೈಟೊಸಾನ್. ಗಾಯಕ್ಕೆ ಹಚ್ಚುವ ಪಟ್ಟಿಯಿಂದ ಹಿಡಿದು ಕೊಳೆನೀರನ್ನು ತಿಳಿಗೊಳಿಸುವವರೆಗೆ ಅದರ ಉಪಯೋಗ ಹಬ್ಬಿದೆ. 1957ರಲ್ಲಿ ಸ್ಥಾಪನೆಯಾದ ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಸೀಗಡಿ ಚಿಪ್ಪಿನಿಂದ ಇವೆರಡನ್ನೂ ತಯಾರಿಸುವ ವಿಧಾನಗಳನ್ನು ರೂಪಿಸಿದೆ. ಬೇಯಿಸಿದಾಗ ಚಿಪ್ಪಿಗೆ ಬರುವ ಕೆಂಪಿನ ಕಥೆಯೂ ಸೊಗಸಾದದ್ದು. ಆ ಬಣ್ಣ ಮೊದಲೇ ಅದರಲ್ಲಿತ್ತು. ಬದುಕಿರುವಾಗ ಒಂದು ಸಸಾರಜನಕಕ್ಕೆ ಕಟ್ಟಿಕೊಂಡು ಮಂಕಾಗಿತ್ತು. ಬಿಸಿ ತಾಗಿ ಕಟ್ಟು ಬಿಚ್ಚಿದಾಗ ಹೊರಗೆ ಬಂತು. ನಾವು ಕಸವೆಂದದ್ದರಲ್ಲಿ ಇಷ್ಟೆಲ್ಲ ಇತ್ತು. ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಇದನ್ನು ಕೇಳಿ ಸಂತೋಷಪಡುವಾಗಲೂ ಒಂದು ಎಚ್ಚರ ಬೇಕು. ಕಸಕ್ಕೆ ಬೆಲೆ ಬಂದರೆ ಜನ ಎಸೆಯುವುದನ್ನು ಬಿಡುತ್ತಾರೆ ಎಂಬುದು ಹೌದು. ಆದರೆ ಬೆಲೆಯಿಂದ ಬಿಟ್ಟ ಅಭ್ಯಾಸ ಬೆಲೆ ಹೋದೊಡನೆ ಮರಳುತ್ತದೆ. ಅಲ್ಲದೆ ಚಿಪ್ಪಿಗೆ ಗಿರಾಕಿಯುಂಟೆಂದು ಇನ್ನಷ್ಟು ಸೀಗಡಿ ಬೆಳೆಸಿದರೆ, ಇನ್ನಷ್ಟು ಕೊಂದರೆ, ಉಪಯೋಗವೇ ದುರಾಸೆಗೆ ನೆಪವಾಯಿತು. ಬೆಲೆ ಕಟ್ಟುವುದು ಒಂದು, ಬೆಲೆ ತಿಳಿಯುವುದು ಇನ್ನೊಂದು. ಮೊದಲನೆಯದನ್ನು ಪೇಟೆ ಮಾಡಬಲ್ಲದು. ಎರಡನೆಯದನ್ನು ಅಡಿಗೆಮನೆಯಲ್ಲಿ ಬಗ್ಗಿ ಕೂತ ಮನುಷ್ಯ ತಾನೇ ಮಾಡಿಕೊಳ್ಳಬೇಕು.

ಎಸೆಯುವ ಹಕ್ಕು ನಮಗೆ ಇಲ್ಲವೇ ಇಲ್ಲ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಹಣ ಕೊಟ್ಟ ಮಾತ್ರಕ್ಕೆ ಆ ಹಕ್ಕು ಬರುವುದಿಲ್ಲ ಎಂದಷ್ಟೆ ಹೇಳುತ್ತೇನೆ. ಹಣ ತಲಪುವುದು ಮಾರಿದವರಿಗೆ. ಕೆರೆಗಾಗಲಿ, ಜೀವ ಕಳೆದುಕೊಂಡದ್ದಕ್ಕಾಗಲಿ ನಾವು ಒಂದು ಕಾಸನ್ನೂ ಕೊಟ್ಟಿಲ್ಲ. ಆ ಹಕ್ಕನ್ನು ಸಂಪಾದಿಸಿಕೊಳ್ಳಬೇಕಾದ ಕ್ರಮ ಮೂರು ಸಣ್ಣ ಕೆಲಸಗಳಲ್ಲಿದೆ ಎಂದು ತೋರುತ್ತದೆ: ಬೇಕಾದಷ್ಟನ್ನೇ ತರುವುದು, ತಂದದ್ದರಲ್ಲಿ ಉಣ್ಣಲು ಬರುವುದನ್ನೆಲ್ಲ, ತಲೆಯನ್ನೂ ಮೈಯನ್ನೂ, ಮನೆಯವರೆಲ್ಲರೂ ಒಂದೇ ಪಂಕ್ತಿಯಲ್ಲಿ ಹಂಚಿಕೊಂಡು ಉಣ್ಣುವುದು, ಉಣ್ಣಲು ಬಾರದ್ದನ್ನು ಮ��್ಣು ಗುರುತು ಹಿಡಿಯುವ ಹಾಗೆ ಮಣ್ಣಿಗೆ ಕೊಡುವುದು. ಇಷ್ಟು ಮಾಡಿದ ಮೇಲೆ ಮೊರದಲ್ಲಿ ಉಳಿಯುವ ಒಂದು ಹಿಡಿ ಮರಳನ್ನು ಯಾರು ಬೇಕಾದರೂ ನೆಮ್ಮದಿಯಿಂದ ಎಸೆಯಬಹುದು.